ಯಾರಾದರೂ ಮಾಡಲಿ ಎಂದು ಕಾಯುತ್ತಿರುವವರಿಗೆ: ಮುಂದಾಗುವುದನ್ನು ಕಲಿಯುವ ಬಗೆ

ಕೆಲವು ವರ್ಷಗಳ ಹಿಂದೆ ನಮ್ಮ ಅಪ್ಪ ಕೇಳಿದ ಪ್ರಶ್ನೆಗೆ ಬೇರೇನೋ ಉತ್ತರ ಕೊಡಲು ಶುರು ಮಾಡಿದರು. ಔಷಧಿ ತೆಗೆದುಕೊಂಡಿರಾ ಎಂದು ಕೇಳಿದರೆ ‘ನಾಳೆ ಹೋದರಾಯಿತು ಬಿಡು’ ಎನ್ನುವರು. ಫೋನ್ ಬಂದರೆ ಪಕ್ಕದಲ್ಲಿದ್ದವರ ಕೈಗೆ ದಾಟಿಸುವರು. ನಾಲ್ಕು ಜನ ಕೂತು ಮಾತಾಡುವಾಗ ಎದ್ದು ಒಳಗೆ ಹೋಗಿಬಿಡುವರು. ಮರೆವಿನ ಕಾಯಿಲೆ ಇರಬಹುದೇ ಎಂಬ ಭಯ ನನ್ನೊಳಗೆ ಹೊಕ್ಕಿತು. ಅಕ್ಕ ಹಿರಿಯಳು, ಅವಳೇ ವಿಷಯ ಎತ್ತುತ್ತಾಳೆ ಎಂದುಕೊಂಡು ಸುಮ್ಮನಿದ್ದೆ. ಅಪ್ಪನ ಜೊತೆಗೇ ಇರುವವನು ತಮ್ಮ, ಅವನಿಗೆ ಕಾಣದೇ ಇರುತ್ತದೆಯೇ ಎಂದು ಅಕ್ಕ ಸುಮ್ಮನಿದ್ದಳು. ದೊಡ್ಡವರಿಬ್ಬರೂ ಏನೂ ಹೇಳುತ್ತಿಲ್ಲ, ಹಾಗಾದರೆ ಗಾಬರಿಯಾಗುವಂಥದ್ದು ಏನೂ ಇರಲಿಕ್ಕಿಲ್ಲ ಎಂದು ತಮ್ಮ ಸಮಾಧಾನ ಮಾಡಿಕೊಂಡಿದ್ದ. ಹೀಗೆ ಎಂಟು ತಿಂಗಳು ಕಳೆದವು.

ಕೊನೆಗೆ ಒಂದು ರಾತ್ರಿ ನಾನು ಅಪ್ಪನ ಎದುರಿಗೇ ಕುಳಿತು, ಮುಖ ನೋಡಿಕೊಂಡು, ನಿಧಾನವಾಗಿ ಕೇಳಿದೆ. ಅವರು ಒಂದು ಕ್ಷಣ ನೋಡಿ, ‘ಕಿವಿ ಕೇಳಿಸುತ್ತಿಲ್ಲ ಕಣೋ. ನಿಮ್ಮಲ್ಲಿ ಯಾರಾದರೂ ಕೇಳುತ್ತೀರೇನೋ ಅಂತ ನೋಡುತ್ತಿದ್ದೆ’ ಎಂದರು. ಮರೆವು ಇರಲಿಲ್ಲ, ಕಿವಿ ಮಂದವಾಗಿತ್ತು. ಒಂದೇ ಸೂರಿನ ಕೆಳಗೆ ನಾಲ್ಕು ಜನ, ನಾಲ್ವರೂ ಇನ್ನೊಬ್ಬರ ಬಾಯಿ ನೋಡುತ್ತಿದ್ದೆವು.

ಆ ಎಂಟು ತಿಂಗಳು ನನ್ನನ್ನು ಇಂದಿಗೂ ಕಾಡುತ್ತವೆ. ನಮ್ಮಲ್ಲಿ ಯಾರೂ ಸೋಮಾರಿಗಳಲ್ಲ, ಯಾರಿಗೂ ಪ್ರೀತಿ ಕಡಿಮೆ ಇರಲಿಲ್ಲ. ಕಾಯುವವರನ್ನು ಸೋಮಾರಿಗಳೆಂದು ಬೈಯುವ ಉಪದೇಶ ಧಾರಾಳವಾಗಿ ಸಿಗುತ್ತದೆ. ಆದರೆ ಬೈಗುಳದಿಂದ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ನಾನು ಕಂಡಂತೆ, ಯಾರ ಹೆಸರೂ ಅಂಟಿಕೊಂಡಿರದ ಕೆಲಸ ಹಾಗೆಯೇ ಉಳಿಯುತ್ತದೆ. ಮುಂದಾಗುವುದೆಂದರೆ ಅಂಥ ಕೆಲಸಕ್ಕೆ ಒಂದು ಹೆಸರು, ಒಂದು ಹೊತ್ತು, ಒಂದು ಪುಟ್ಟ ಆರಂಭ ಕೊಡುವುದು. ಇದಕ್ಕೆ ಹುಟ್ಟಾ ಧೈರ್ಯಶಾಲಿಯಾಗಿರಬೇಕಿಲ್ಲ. ಹೇಗೆಂದು ಗೊತ್ತಿದ್ದರೆ ಮೆಲುದನಿಯವರೂ ಮಾಡಬಹುದು.

ಮೊದಲು, ನಾವೇಕೆ ಕಾಯುತ್ತೇವೆ

1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ವಿದ್ಯಾರ್ಥಿಯೊಬ್ಬ ಒಂದು ಕೋಣೆಯಲ್ಲಿ ಕುಳಿತು ಪ್ರಶ್ನಾವಳಿ ತುಂಬುತ್ತಿರುತ್ತಾನೆ. ಗೋಡೆಯ ಕಿಂಡಿಯಿಂದ ಹೊಗೆ ಒಳಬರತೊಡಗುತ್ತದೆ. ಒಬ್ಬನೇ ಇದ್ದಾಗ ನೂರಕ್ಕೆ 75ರಷ್ಟು ಜನ ಎದ್ದು ಹೋಗಿ ತಿಳಿಸಿದರು. ಆದರೆ ಅದೇ ಕೋಣೆಯಲ್ಲಿ, ಏನೂ ಆಗದವರಂತೆ ಬರೆಯುತ್ತಲೇ ಇರಬೇಕೆಂದು ಮೊದಲೇ ಹೇಳಿಸಿಕೊಂಡಿದ್ದ ಇಬ್ಬರನ್ನು ಜೊತೆಗೆ ಕೂರಿಸಿದಾಗ, ಹತ್ತು ಜನರಲ್ಲಿ ಎದ್ದುಹೋದವನು ಒಬ್ಬನೇ. ಉಳಿದ ಒಂಬತ್ತು ಮಂದಿ ಕೆಮ್ಮಿದರು, ಕಣ್ಣುಜ್ಜಿಕೊಂಡರು, ಮುಖದ ಮುಂದಿನ ಹೊಗೆಯನ್ನು ಕೈಯಿಂದ ಸರಿಸಿದರು, ಕಿಟಕಿಯನ್ನೂ ತೆರೆದರು. ಆದರೆ ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅವರಿಗೆ ಹೊಗೆ ಕಾಣಿಸುತ್ತಿತ್ತು. ಹೊಗೆ ಎಂದರೆ ಏನು ಎನ್ನುವುದನ್ನು ತೀರ್ಮಾನಿಸಲು ಅವರು ಪಕ್ಕದವರ ಮುಖ ನೋಡಿದರು. ಪಕ್ಕದವರ ಮುಖ ಶಾಂತವಾಗಿತ್ತು. ನಮ್ಮ ಮನೆಯಲ್ಲಿ ನಡೆದದ್ದೂ ಇದೇ. ತಮ್ಮ ನಮ್ಮಿಬ್ಬರ ಮುಖ ನೋಡಿ ಧೈರ್ಯ ತಂದುಕೊಂಡಿದ್ದ. ನಾವಿಬ್ಬರೂ ಭಯವನ್ನು ಮುಚ್ಚಿಟ್ಟುಕೊಂಡು ಶಾಂತವಾಗಿದ್ದೆವು.

ಇದನ್ನೇ ಹಿಡಿದುಕೊಂಡು ‘ಗುಂಪಿನಲ್ಲಿ ಯಾರೂ ನೆರವಿಗೆ ಬರುವುದಿಲ್ಲ’ ಎಂದು ತೀರ್ಪು ಕೊಡುವುದೂ ತಪ್ಪು. ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್ ಮತ್ತು ಇಂಗ್ಲೆಂಡಿನ ಲ್ಯಾಂಕಾಸ್ಟರ್ ನಗರಗಳ ಬೀದಿ ಕ್ಯಾಮೆರಾಗಳಲ್ಲಿ ಸೆರೆಯಾದ 219 ಜಗಳಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ನೋಡುತ್ತಿದ್ದವರಲ್ಲಿ ಕನಿಷ್ಠ ಒಬ್ಬರಾದರೂ ಮಧ್ಯೆ ಪ್ರವೇಶಿಸಿದ್ದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ವಿಷಯ ಕಣ್ಣಿಗೆ ರಾಚುವಂತಿದ್ದರೆ ಜನ ಏಳುತ್ತಾರೆ. ಮಸುಕಾಗಿದ್ದರೆ ಕಾಯುತ್ತಾರೆ. ಬದುಕಿನ ಮುಕ್ಕಾಲು ಪಾಲು ಸಂಗತಿಗಳು ಮಸುಕಾಗಿಯೇ ಇರುತ್ತವೆ. ಹಳಸುತ್ತಿರುವ ಗೆಳೆತನ, ದಿಕ್ಕು ತಪ್ಪುತ್ತಿರುವ ಕೆಲಸ, ವರ್ಷಗಳಿಂದ ಮುಂದೂಡುತ್ತಿರುವ ಕಲಿಕೆ, ಇವುಗಳಿಂದ ಹೊಗೆ ಏಳುವುದಿಲ್ಲ.

ಹೆಜ್ಜೆ 1: ಎಲ್ಲಿ ಕಾಯುತ್ತಿದ್ದೀರಿ ಎಂದು ಬರೆದು ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಒಂದು ತಿಂಗಳಲ್ಲಿ ನೀವು ಎರಡಕ್ಕಿಂತ ಹೆಚ್ಚು ಬಾರಿ ಗೊಣಗಿದ ವಿಷಯಗಳನ್ನು ಬರೆಯಿರಿ. ಮನಸ್ಸಿನಲ್ಲೇ ಗೊಣಗಿದ್ದರೂ ಲೆಕ್ಕಕ್ಕೆ ಬರುತ್ತದೆ. ಆಡಿದ ಮಾತನ್ನು ಇದ್ದಂತೆಯೇ ಬರೆಯಬೇಕು, ತಿದ್ದಬಾರದು. ‘ಯಾರಾದರೂ ಇದನ್ನು ಸರಿ ಮಾಡಬಾರದೇ’, ‘ಅವರೇ ಮೊದಲು ಮಾತಾಡಿಸಲಿ’, ‘ಸ್ವಲ್ಪ ಬಿಡುವಾಗಲಿ’, ‘ಮೇಲಿನವರು ಹೇಳಿದರೆ ಮಾಡೋಣ’. ಬರೆದಾದ ಮೇಲೆ ‘ಯಾರಾದರೂ’, ‘ಅವರೇ’, ‘ಆಗಲಿ’, ‘ಆಮೇಲೆ’ ಎಂಬ ಪದಗಳ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಕಾಯುವಿಕೆ ಆ ಪದಗಳ ಹಿಂದೆ ಅಡಗಿ ಕುಳಿತಿರುತ್ತದೆ.

ಈಗ ಒಂದೊಂದು ಸಾಲಿನ ಮುಂದೆಯೂ, ನೀವು ನಿಜವಾಗಿ ಕಾಯುತ್ತಿರುವುದು ಏನಕ್ಕೆ ಎಂದು ಬರೆಯಿರಿ. ಕೆಲವೆಡೆ ಅನುಮತಿಗಾಗಿ ಕಾಯುತ್ತಿರುತ್ತೀರಿ. ಕೇಳಿದರೆ ಸಿಗುವಂಥ ಅನುಮತಿಯೇ ಆಗಿರುತ್ತದೆ, ಕೇಳಿಯೇ ಇರುವುದಿಲ್ಲ. ಕೆಲವೆಡೆ ಕರೆ ಬರಲಿ ಎಂದು ಕಾಯುತ್ತಿರುತ್ತೀರಿ, ಆದರೆ ನಿಮಗೆ ಆಸಕ್ತಿ ಇದೆ ಎಂಬುದೇ ಕರೆಯಬೇಕಾದವರಿಗೆ ಗೊತ್ತಿರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಜನರನ್ನು ಕಟ್ಟಿಹಾಕುವುದು ಖಚಿತತೆಯ ಹಂಬಲ. ಎಲ್ಲವೂ ತಿಳಿದ ಮೇಲೆ ಕಾಲಿಡೋಣ ಎನ್ನುವವರಿಗೆ ಒಂದು ಮಾತು ಹೇಳುತ್ತೇನೆ: ತಿಳಿಯಬೇಕಾದದ್ದರಲ್ಲಿ ಅರ್ಧ, ಕಾಲಿಟ್ಟ ಮೇಲೆಯೇ ತಿಳಿಯುವಂಥದ್ದು. ಮೀನಮೇಷ ಎಣಿಸುತ್ತಾ ಕುಳಿತರೆ ಅದು ಎಂದಿಗೂ ಕೈಗೆ ಬರುವುದಿಲ್ಲ.

ಇನ್ನೊಂದು ಬಗೆಯ ಕಾಯುವಿಕೆ ಇದೆ, ಅದಕ್ಕೆ ಹೆಸರಿಡುವುದು ಕಷ್ಟ. ಎದುರಿನವರು ತಮ್ಮ ತಪ್ಪು ಅರಿತು ಬದಲಾಗಲಿ ಎಂದು ಕಾಯುವುದು. ನ್ಯಾಯ ನಿಮ್ಮ ಕಡೆಗೇ ಇರಬಹುದು. ಆದರೂ ನಿಮ್ಮ ದಿನಗಳ ಬೀಗದ ಕೈಯನ್ನು ಅವರ ಜೇಬಿನಲ್ಲಿ ಇಟ್ಟಂತಾಗುತ್ತದೆ.

ಹೆಜ್ಜೆ 2: ಪಟ್ಟಿಯಲ್ಲಿ ಒಂದನ್ನು ಮಾತ್ರ ಆರಿಸಿ

ಪಟ್ಟಿ ನೋಡಿದ ಕೂಡಲೇ ಉತ್ಸಾಹ ಉಕ್ಕಿ ನಾಳೆಯಿಂದಲೇ ಎಲ್ಲವನ್ನೂ ಹಿಡಿಯುತ್ತೇನೆ ಎನಿಸುತ್ತದೆ. ಆರಂಭ ಶೂರತ್ವಕ್ಕೆ ಇದೇ ಹೆದ್ದಾರಿ. ಒಂದನ್ನು ಆರಿಸಿ.

ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಿಂದ ನನಗಾಗಲಿ ನಾನು ಅಕ್ಕರೆ ಇಟ್ಟವರಿಗಾಗಲಿ ನಿಜವಾಗಿ ತೊಂದರೆ ಆಗುತ್ತಿದೆಯೇ? ನಾನು ಕೈಹಾಕಿದರೆ ಇನ್ನೊಬ್ಬರ ಹಕ್ಕಿನ ನಿರ್ಧಾರವನ್ನು ಕಸಿದುಕೊಂಡಂತೆ ಆಗುತ್ತದೆಯೇ? ತಪ್ಪಾದರೆ ಹಿಂದಕ್ಕೆ ಬರಬಹುದೇ?

ಮೂರನೆಯ ಪ್ರಶ್ನೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಒಂದು ತರಗತಿಗೆ ಸೇರುವುದು, ಒಂದು ಪತ್ರ ಬರೆಯುವುದು, ಸಭೆಯಲ್ಲಿ ಒಂದು ಸಲಹೆ ಮುಂದಿಡುವುದು, ಇವೆಲ್ಲ ಹೊಂದದಿದ್ದರೆ ಬಿಡಬಹುದಾದವು. ಇವುಗಳ ಬಗ್ಗೆ ವಾರಗಟ್ಟಲೆ ಯೋಚಿಸುವುದು ಬರೀ ಕಾಲಹರಣ. ಕೆಲಸಕ್ಕೆ ರಾಜೀನಾಮೆ ಕೊಡುವುದು, ಸಾಲ ತೆಗೆಯುವುದು, ಇನ್ನೊಬ್ಬರ ಗುಟ್ಟನ್ನು ಬಯಲು ಮಾಡುವುದು ಹಾಗಲ್ಲ. ಅಲ್ಲಿ ಕಾಯುವುದು ವಿವೇಕ. ಸಿಟ್ಟಿನಲ್ಲಿ ಇದ್ದಾಗ ಕಾಯುವುದೂ ವಿವೇಕ. ಎರಡನೆಯ ಪ್ರಶ್ನೆಗೆ ಉತ್ತರ ‘ಹೌದು’ ಎಂದಾದರೆ, ನಿಮ್ಮ ಪಾಲಿನ ಕೆಲಸ ಅವರನ್ನು ಕೇಳುವುದಷ್ಟೇ. ಬೆಳೆದ ಮಕ್ಕಳ ಬದುಕಿನಲ್ಲಿ, ಸ್ನೇಹಿತರ ದಾಂಪತ್ಯದಲ್ಲಿ ‘ನಾನೇ ಮುಂದಾದೆ’ ಎಂದು ನುಗ್ಗುವವರು ನೆರವಿಗಿಂತ ನೋವನ್ನೇ ಹೆಚ್ಚು ಕೊಡುತ್ತಾರೆ.

ಹೆಜ್ಜೆ 3: ಕೆಲಸವನ್ನು ಒಂದೇ ಕೈಯಲ್ಲಿ ಹಿಡಿಯುವಷ್ಟು ಸಣ್ಣದು ಮಾಡಿ

ನಾವಿದ್ದ ಕಟ್ಟಡದ ಎರಡನೇ ಮಹಡಿಯ ಮೆಟ್ಟಿಲ ಬಳಿ ದೀಪ ಕೆಟ್ಟು ಮೂರು ವಾರ ಕಳೆದಿತ್ತು. ಹನ್ನೆರಡು ಕುಟುಂಬಗಳು ಪ್ರತಿ ರಾತ್ರಿ ಮೊಬೈಲ್ ಬೆಳಕಿನಲ್ಲಿ ಮೆಟ್ಟಿಲು ಹತ್ತುತ್ತಿದ್ದೆವು. ಎದುರು ಸಿಕ್ಕಾಗ ‘ಇನ್ನೂ ಸರಿ ಮಾಡಿಲ್ಲ ನೋಡಿ’ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಮಾಡದೇ ಇದ್ದವರು ಯಾರು ಎಂಬುದು ಆ ವಾಕ್ಯದಲ್ಲಿ ಇರಲಿಲ್ಲ. ನನ್ನ ತಲೆಯಲ್ಲಿ ಆ ಕೆಲಸ ದೊಡ್ಡದಾಗಿ ಬೆಳೆದಿತ್ತು: ಯಾರನ್ನು ಕೇಳಬೇಕು, ದುಡ್ಡು ಯಾರು ಕೊಡಬೇಕು, ನಾನೇ ಮಾಡಿಸಿದರೆ ಮುಂದೆ ಪ್ರತಿ ಸಲವೂ ನನ್ನ ತಲೆಗೇ ಬರುತ್ತದೆಯೇ. ಒಂದು ಸಂಜೆ ಮೇಲಿನ ಮನೆಯ ಅಜ್ಜಿ ಗೋಡೆ ಸವರುತ್ತಾ, ಕಾಲಿನಿಂದ ಮುಂದಿನ ಮೆಟ್ಟಿಲಿನ ಅಂಚನ್ನು ಹುಡುಕುತ್ತಾ ಇಳಿಯುವುದನ್ನು ಕಂಡೆ. ಅಲ್ಲೇ ನಿಂತು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಮಾತು ಮುಗಿದಾಗ ನೋಡಿದರೆ ಫೋನಿನ ಪರದೆಯ ಮೇಲೆ ನಾಲ್ಕು ನಿಮಿಷ ಎಂದಿತ್ತು. ಮೂರು ವಾರ ಹನ್ನೆರಡು ಮನೆಯವರು ಹೊತ್ತು ತಿರುಗಿದ ಭಾರ ಅಷ್ಟು.

‘ಕಟ್ಟಡದ ನಿರ್ವಹಣೆ ಸುಧಾರಿಸಬೇಕು’ ಎಂಬುದನ್ನು ಯಾರೂ ಒಂದು ಸಂಜೆಯಲ್ಲಿ ಮಾಡಲಾರರು. ‘ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡು’ ಎಂಬುದನ್ನು ಮಾಡಬಹುದು. ನಿಮ್ಮ ಪಟ್ಟಿಯಿಂದ ಆರಿಸಿದ ವಿಷಯವನ್ನು ಹೀಗೆಯೇ ಒಡೆಯಿರಿ. ಹೊಸ ಭಾಷೆ ಕಲಿಯುವುದು ಎಂದಿದ್ದರೆ, ಇವತ್ತಿನ ತುಣುಕು ಕಲಿಸುವವರೊಬ್ಬರಿಗೆ ಸಂದೇಶ ಕಳುಹಿಸುವುದು. ಆರೋಗ್ಯ ಎಂದಿದ್ದರೆ, ತಪಾಸಣೆಗೆ ದಿನ ಗೊತ್ತುಮಾಡಿಕೊಳ್ಳುವುದು. ಹತ್ತು ಹದಿನೈದು ನಿಮಿಷಕ್ಕೆ ಮುಗಿಯದಿದ್ದರೆ ಇನ್ನೊಮ್ಮೆ ಒಡೆಯಿರಿ.

ಆಮೇಲೆ ಆ ತುಣುಕಿಗೆ ಹೊತ್ತು ಮತ್ತು ಜಾಗ ಕಟ್ಟಿ. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಮತ್ತು ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಹಬ್ಬದ ರಜೆಯಲ್ಲಿ ಒಂದು ಚಿಕ್ಕ ವರದಿ ಬರೆದು ಕಳುಹಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಯಾವಾಗ, ಎಲ್ಲಿ ಕೂತು ಬರೆಯುತ್ತೇವೆ ಎಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಜನ ಹೇಳಿದ ಗಡುವಿನೊಳಗೆ ಬರೆದರು. ಬರೆಯಬೇಕೆಂದು ಸುಮ್ಮನೆ ಅಂದುಕೊಂಡವರಲ್ಲಿ ಬರೆದವರು ಮೂರರಲ್ಲಿ ಒಂದು ಪಾಲಿನಷ್ಟೇ. ಇಬ್ಬರಿಗೂ ಮನಸ್ಸಿತ್ತು. ಒಬ್ಬರ ಮನಸ್ಸಿಗೆ ವಿಳಾಸವಿತ್ತು.

ಆದ್ದರಿಂದ ‘ಈ ವಾರ ಮಾಡುತ್ತೇನೆ’ ಎಂದು ಬರೆಯಬೇಡಿ. ‘ಬುಧವಾರ ಬೆಳಿಗ್ಗೆ ಬಸ್ ಹತ್ತಿ ಕೂತ ತಕ್ಷಣ ಆ ಸಂದೇಶ ಕಳುಹಿಸುತ್ತೇನೆ’ ಎಂದು ಬರೆಯಿರಿ. ಬಸ್ ಹತ್ತುವುದು ಹೇಗೂ ಇದ್ದೇ ಇದೆ. ಆ ಕೆಲಸ ಅದರ ಬಾಲ ಹಿಡಿದುಕೊಂಡು ಬರುತ್ತದೆ.

ಹೆಜ್ಜೆ 4: ಗುಂಪಿಗೆ ಹೇಳಬೇಡಿ, ಒಬ್ಬರಿಗೆ ಹೇಳಿ

ಮುಂದಾಗುವುದೆಂದರೆ ಎಲ್ಲವನ್ನೂ ಒಬ್ಬರೇ ಹೊರುವುದು ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿ ಇದೆ. ಹೆಚ್ಚಿನ ಸಂದರ್ಭಗಳಲ್ಲಿ ನೀವು ಮಾಡಬೇಕಾದ ಮೊದಲ ಕೆಲಸವೆಂದರೆ ಸರಿಯಾದ ವ್ಯಕ್ತಿಯನ್ನು ಸರಿಯಾದ ಒಂದು ಸಂಗತಿ ಕೇಳುವುದು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಯಾರಾದರೂ ಸಹಾಯ ಮಾಡಬಹುದೇ?’ ಎಂದು ಹಾಕಿ ನೋಡಿ. ನಲವತ್ತು ಜನ ಓದುತ್ತಾರೆ, ಬರುವುದು ಮೌನ. ಅದೇ ಮಾತನ್ನು ಒಬ್ಬರ ಹೆಸರು ಹಿಡಿದು ಕೇಳಿ: ‘ನೀವು ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಬಂದು ಕುರ್ಚಿ ಜೋಡಿಸಲು ಕೈ ಕೊಡುತ್ತೀರಾ?’ ಹೌದು ಅಥವಾ ಇಲ್ಲ, ಒಂದು ಉತ್ತರವಂತೂ ಬರುತ್ತದೆ. ತುರ್ತು ಸಂದರ್ಭದಲ್ಲಂತೂ ಇದು ಪ್ರಾಣದ ಪ್ರಶ್ನೆ. ರಸ್ತೆಯಲ್ಲಿ ಯಾರೋ ಕುಸಿದು ಬಿದ್ದಿದ್ದಾರೆ, ಸುತ್ತ ಜನ ಸೇರಿದ್ದಾರೆ ಎಂದುಕೊಳ್ಳಿ. ‘ಯಾರಾದರೂ ಆಂಬುಲೆನ್ಸ್ ಕರೆಯಿರಿ’ ಎಂದು ಕೂಗಬೇಡಿ. ಒಬ್ಬರತ್ತ ಬೆರಳು ತೋರಿಸಿ, ‘ನೀಲಿ ಅಂಗಿಯವರೇ, ನೀವು ಈಗಲೇ ಆಂಬುಲೆನ್ಸ್‌ಗೆ ಫೋನ್ ಮಾಡಿ, ಮಾಡಿದ ಮೇಲೆ ನನಗೆ ಹೇಳಿ’ ಎನ್ನಿ. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲೂ ಇದನ್ನೇ ಕಲಿಸುತ್ತಾರೆ.

ಕೇಳುವುದು ಎಷ್ಟು ಸಣ್ಣದಾಗಿ, ಎಷ್ಟು ಸ್ಪಷ್ಟವಾಗಿ ಇರಬಹುದು ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ವೈದ್ಯ ಜಾನ್ ಸ್ನೋ. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಸಿಡಿಯಿತು. ಕೆಟ್ಟ ಗಾಳಿಯಿಂದ ರೋಗ ಹರಡುತ್ತದೆ ಎಂಬುದು ಅಂದಿನ ಬಹುಪಾಲು ವೈದ್ಯರ ನಂಬಿಕೆ. ನೀರಿನಿಂದ ಎಂಬುದು ಸ್ನೋ ಅವರ ಅನುಮಾನ. ತನಿಖೆ ಮಾಡಲಿ ಎಂದು ಅವರು ಯಾರನ್ನೂ ಕಾಯಲಿಲ್ಲ. ಸತ್ತವರ ಪಟ್ಟಿ ಪಡೆದು, ಆ ಬೀದಿಗಳಲ್ಲಿ ಮನೆಮನೆಗೆ ನಡೆದು, ಯಾರು ಎಲ್ಲಿಂದ ನೀರು ತರುತ್ತಿದ್ದರು ಎಂದು ವಿಚಾರಿಸಿದರು. ಹೆಚ್ಚಿನ ಸಾವುಗಳು ಬ್ರಾಡ್ ಸ್ಟ್ರೀಟ್‌ನ ಒಂದೇ ಕೈಪಂಪಿನ ಸುತ್ತ ಬಂದು ನಿಂತವು. ಸೆಪ್ಟೆಂಬರ್ 7ರ ಸಂಜೆ ಆ ಪ್ರದೇಶದ ಆಡಳಿತ ಮಂಡಳಿಯ ಮುಂದೆ ಹೋದರು. ನಿಮ್ಮ ನಂಬಿಕೆ ಬದಲಿಸಿಕೊಳ್ಳಿ ಎಂದು ಪಟ್ಟು ಹಿಡಿಯಲಿಲ್ಲ. ಅವರು ಕೇಳಿದ್ದು ಒಂದೇ: ಆ ಪಂಪಿನ ಹಿಡಿಯನ್ನು ತೆಗೆಸಿ. ಮರುದಿನ ಹಿಡಿ ತೆಗೆಸಲಾಯಿತು.

ಅಷ್ಟು ಹೊತ್ತಿಗೆ ಜನ ಊರು ಬಿಟ್ಟು ಹೋಗಿದ್ದರಿಂದ ರೋಗ ಇಳಿಮುಖವಾಗತೊಡಗಿತ್ತು ಎಂದು ಸ್ನೋ ಅವರೇ ಬರೆದಿದ್ದಾರೆ. ಆ ಪ್ರಾಮಾಣಿಕತೆಯಿಂದ ಅವರ ಮೇಲಿನ ಗೌರವ ನನಗೆ ಹೆಚ್ಚೇ ಆಗಿದೆ. ಅವರ ಸಿದ್ಧಾಂತವನ್ನು ವೈದ್ಯಲೋಕ ಒಪ್ಪಿದ್ದು ಅವರು ತೀರಿಕೊಂಡ ಎಷ್ಟೋ ಕಾಲದ ಮೇಲೆ. ಸಿದ್ಧಾಂತ ಒಪ್ಪಿಗೆಯಾಗುವ ತನಕ ಕಾದಿದ್ದರೆ ಆ ಹಿಡಿ ಅಲ್ಲೇ ಇರುತ್ತಿತ್ತು. ನಿಮ್ಮ ವಿಷಯದಲ್ಲೂ ಯೋಚಿಸಿ. ಎದುರಿನವರು ನಿಮ್ಮ ವಾದವನ್ನೆಲ್ಲ ಒಪ್ಪದೆಯೇ ಮಾಡಿಕೊಡಬಹುದಾದ ಒಂದು ಕೆಲಸ ಯಾವುದು?

ಹೆಜ್ಜೆ 5: ಒಪ್ಪಿಗೆ ಬೇಕಾದ ಕಡೆ, ಹೌದು ಎನ್ನಲು ಸುಲಭವಾಗುವಂತೆ ಕೇಳಿ

ಕಚೇರಿಯಲ್ಲಿ ಕೆಲಸ ಮಾಡುವವರ ಕಷ್ಟ ಬೇರೆ. ಮೇಲಧಿಕಾರಿಯನ್ನು ಮೀರಿ ಹೋಗುವಂತಿಲ್ಲ, ಕಾಯುತ್ತಾ ಕುಳಿತರೆ ವರ್ಷ ಉರುಳುತ್ತದೆ. ‘ಇದರ ಬಗ್ಗೆ ಏನಾದರೂ ಮಾಡಬೇಕಲ್ಲವೇ ಸರ್’ ಎಂದು ಕೇಳುವುದು ನಿಮ್ಮ ತಲೆಯ ಹೊರೆಯನ್ನು ಅವರ ಮೇಜಿನ ಮೇಲೆ ಇಟ್ಟು ಬಂದಂತೆ. ಅಲ್ಲಿ ಆಗಲೇ ನೂರು ಹೊರೆಗಳಿರುತ್ತವೆ. ಅದರ ಬದಲಿಗೆ ತೊಂದರೆ, ಮಾಡಬೇಕೆಂದಿರುವುದು, ತಗಲುವ ಸಮಯ, ಅಪಾಯ, ಇಷ್ಟನ್ನು ಅರ್ಧ ಪುಟದಲ್ಲಿ ಬರೆಯಿರಿ. ಕೊನೆಗೆ ಹೀಗೆ ಸೇರಿಸಿ: ‘ನಿಮ್ಮ ಒಪ್ಪಿಗೆ ಇದ್ದರೆ ಎರಡು ವಾರ ನಮ್ಮ ವಿಭಾಗದಲ್ಲಿ ಮಾತ್ರ ಇದನ್ನು ಪ್ರಯತ್ನಿಸಿ ನೋಡುತ್ತೇನೆ. ಸರಿಹೋಗದಿದ್ದರೆ ಹಳೆಯ ಪದ್ಧತಿಗೇ ಮರಳುತ್ತೇವೆ.’ ಎರಡು ವಾರದ ಪ್ರಯೋಗಕ್ಕೆ ಬೇಡ ಎನ್ನಲು ಹೆಚ್ಚಿನವರಿಗೆ ಕಾರಣ ಸಿಗುವುದಿಲ್ಲ. ನಿಮ್ಮ ಅಧಿಕಾರದ ಮಿತಿಯೊಳಗೇ ಇರುವ ಸಣ್ಣ ವಿಷಯವಾದರೆ, ‘ಶುಕ್ರವಾರದ ಒಳಗೆ ಬೇಡ ಎನ್ನದಿದ್ದರೆ ಸೋಮವಾರ ಶುರು ಮಾಡುತ್ತೇನೆ’ ಎಂದೂ ಬರೆಯಬಹುದು. ಹಣ, ಸುರಕ್ಷತೆ, ಇನ್ನೊಬ್ಬರ ಉದ್ಯೋಗ, ಇಂಥವುಗಳಲ್ಲಿ ಮಾತ್ರ ಈ ದಾರಿ ಹಿಡಿಯಬಾರದು, ಸ್ಪಷ್ಟ ಒಪ್ಪಿಗೆ ಬರಹದಲ್ಲೇ ಇರಲಿ.

1989ರ ಮಾರ್ಚ್‌ನಲ್ಲಿ ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಇಂಥದೇ ಒಂದು ಪ್ರಸ್ತಾವನೆ ಬರೆದು ಕೊಟ್ಟಿದ್ದರು. ಸಂಸ್ಥೆಯಲ್ಲಿ ಜನ ಬಂದು ಹೋಗುತ್ತಿದ್ದಂತೆ ಮಾಹಿತಿಯೂ ಕಳೆದುಹೋಗುತ್ತಿದೆ, ಅದನ್ನು ಜೋಡಿಸುವ ವ್ಯವಸ್ಥೆ ಬೇಕು ಎಂಬುದು ಅದರ ತಿರುಳು. ಅವರ ಮೇಲಧಿಕಾರಿ ಮೈಕ್ ಸೆಂಡಾಲ್ ಆ ಕಾಗದದ ಮೇಲೆ, ಅಸ್ಪಷ್ಟವಾಗಿದೆ, ಆದರೆ ರೋಮಾಂಚನಕಾರಿಯಾಗಿದೆ ಎಂಬರ್ಥದ ಷರಾ ಬರೆದರು. ಸಂಸ್ಥೆ ಅದನ್ನು ಅಧಿಕೃತ ಯೋಜನೆಯನ್ನಾಗಿ ಕೈಗೆತ್ತಿಕೊಳ್ಳಲಿಲ್ಲ. ಮರುವರ್ಷ ಒಂದು ಹೊಸ ಕಂಪ್ಯೂಟರ್ ಕೊಳ್ಳಲು ಮತ್ತು ಅದರ ಮೇಲೆ ಕೆಲಸ ಮಾಡಿ ನೋಡಲು ಸೆಂಡಾಲ್ ಅವಕಾಶ ಮಾಡಿಕೊಟ್ಟರು. 1990ರ ಕೊನೆಯ ಹೊತ್ತಿಗೆ ಜಗತ್ತಿನ ಮೊದಲ ವೆಬ್ ಬ್ರೌಸರ್ ಮತ್ತು ಮೊದಲ ವೆಬ್ ಪುಟ ಅಲ್ಲಿ ಸಿದ್ಧವಾಗಿದ್ದವು. ಪ್ರಸ್ತಾವನೆ ಅಸ್ಪಷ್ಟವಾಗಿದ್ದರೂ ಕೊಡಬಹುದು ಎಂಬ ಧೈರ್ಯಕ್ಕಾಗಿ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ.

ಸಂಬಂಧಗಳಲ್ಲಿ ಮೊದಲ ಮಾತು

ಇದಕ್ಕೆ ಹೆಜ್ಜೆಯ ಸಂಖ್ಯೆ ಕೊಡಲು ಮನಸ್ಸು ಬರಲಿಲ್ಲ. ಕಚೇರಿಯಲ್ಲಿ ಚುರುಕಾಗಿರುವವರೂ ಇಲ್ಲಿ ಕಲ್ಲಾಗಿ ಕೂರುತ್ತಾರೆ. ಹಳೆಯ ಗೆಳತಿಗೆ ಫೋನ್ ಮಾಡಿ ಎರಡು ವರ್ಷವಾಯಿತು, ಈಗ ಮಾಡಿದರೆ ಏನೆಂದುಕೊಳ್ಳುತ್ತಾಳೋ ಎಂಬ ಅಳುಕು. ಅಷ್ಟು ದಿನ ಅವಳೂ ಮಾಡಿಲ್ಲವಲ್ಲ ಎಂಬ ಮುನಿಸು. ಅನಿರೀಕ್ಷಿತವಾಗಿ ಸಂಪರ್ಕಿಸಿದಾಗ ಎದುರಿನವರಿಗೆ ಎಷ್ಟು ಸಂತೋಷವಾಗುತ್ತದೆ ಎಂಬುದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ ಎಂದು ಅಮೆರಿಕದ ಸಂಶೋಧಕರು 2022ರಲ್ಲಿ ಸಾಲು ಪ್ರಯೋಗಗಳಿಂದ ತೋರಿಸಿದ್ದಾರೆ. ಸಂದೇಶ ಎಷ್ಟು ಅನಿರೀಕ್ಷಿತವೋ ಸಂತೋಷವೂ ಅಷ್ಟು ಹೆಚ್ಚು. ನೀವು ಹಿಂಜರಿಯಲು ಕಾರಣವಾದ ಆ ದೀರ್ಘ ಮೌನವೇ ನಿಮ್ಮ ಕರೆಯನ್ನು ಬೆಲೆಯುಳ್ಳದ್ದಾಗಿ ಮಾಡುತ್ತದೆ.

ಉದ್ದನೆಯ ವಿವರಣೆ, ಸಮಜಾಯಿಷಿ ಬೇಡ. ‘ಇವತ್ತು ನಾವು ಒಟ್ಟಿಗೆ ಓದುತ್ತಿದ್ದ ದಿನಗಳು ನೆನಪಾದವು. ಹೇಗಿದ್ದೀಯ?’ ಎಂದರೆ ಸಾಕು. ತಪ್ಪು ನಿಮ್ಮದಾಗಿದ್ದರೆ ಕ್ಷಮೆ ಕೇಳಿ, ‘ಆದರೆ’ ಎಂಬ ಪದವನ್ನು ಆ ವಾಕ್ಯದೊಳಕ್ಕೆ ಬಿಟ್ಟುಕೊಳ್ಳಬೇಡಿ. ‘ಅವತ್ತು ನಾನು ಆಡಿದ ಮಾತು ತಪ್ಪು, ಆದರೆ ನೀನೂ...’ ಎಂದ ಕೂಡಲೇ ಕ್ಷಮೆ ಅಲ್ಲೇ ಸತ್ತುಹೋಗುತ್ತದೆ. ಎದುರಿನವರು ಉತ್ತರಿಸದೇ ಇರಬಹುದು. ಅದು ಅವರ ಹಕ್ಕು. ನಿಮ್ಮ ಬಾಗಿಲು ತೆರೆದಿದೆ ಎಂದು ಅವರಿಗೆ ಗೊತ್ತಾಗಿದೆ, ಮತ್ತೆ ಮತ್ತೆ ತಟ್ಟಬೇಕಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ಪಶ್ಚಾತ್ತಾಪದ ಬಗ್ಗೆ ಅಧ್ಯಯನ ಮಾಡಿದಾಗ, ಸದ್ಯದ ಮಟ್ಟಿಗೆ ಜನರನ್ನು ಚುಚ್ಚುವುದು ಮಾಡಿದ ತಪ್ಪುಗಳು, ಇಡೀ ಬದುಕನ್ನು ಹಿಂದಿರುಗಿ ನೋಡಿದಾಗ ಹೆಚ್ಚು ಕಾಡುವುದು ಮಾಡದೇ ಉಳಿದವು ಎಂದು ಕಂಡುಕೊಂಡರು. ಅಪ್ಪನೊಡನೆ ಮಾತಾಡದ ಆ ಎಂಟು ತಿಂಗಳು ನೆನಪಾದಾಗಲೆಲ್ಲ ಇದು ನಿಜ ಎನ್ನಿಸುತ್ತದೆ. ಕಿವಿಗೆ ಸಾಧನ ಹಾಕಿಸಿಕೊಂಡ ಮೇಲೆ ಅವರು ಮತ್ತೆ ನಮ್ಮ ನಡುವೆ ಕೂರುತ್ತಾರೆ, ವಾದ ಮಾಡುತ್ತಾರೆ. ಆ ತಿಂಗಳುಗಳಲ್ಲಿ ಅವರು ಒಳಗಿನ ಕೋಣೆಯಲ್ಲಿ ಒಬ್ಬರೇ ಕುಳಿತಿದ್ದ ಸಂಜೆಗಳನ್ನು ನಾನು ತಂದುಕೊಡಲಾರೆ.

ಹೆಜ್ಜೆ 6: ಕೆಡುವುದಕ್ಕೂ ಸಿದ್ಧರಾಗಿ

ಮುಂದಾದವರಿಗೆ ಹೂಮಾಲೆ ಕಾದಿರುತ್ತದೆ ಎಂದು ನಾನು ಹೇಳಲಾರೆ. ‘ಇವನಿಗೇಕೆ ಇಲ್ಲದ ಉಸಾಬರಿ’ ಎನ್ನುವವರು ಇರುತ್ತಾರೆ. ಮೂರು ವಾರ ಸುಮ್ಮನಿದ್ದವರೇ ನೀವು ಹಾಕಿಸಿದ ದೀಪದ ಬಣ್ಣ ಸರಿಯಿಲ್ಲ ಎನ್ನುತ್ತಾರೆ. ಇದಕ್ಕೆ ನನಗೆ ಗೊತ್ತಿರುವ ಒಂದೇ ಮದ್ದು: ಟೀಕಿಸಿದವರನ್ನು ಮುಂದಿನ ತುಣುಕಿಗೆ ಕರೆಯುವುದು. ‘ಹೌದು, ಬೇರೆ ಬಣ್ಣ ಚೆನ್ನಾಗಿರುತ್ತಿತ್ತು. ಮುಂದಿನ ಸಲ ನೀವೇ ಆರಿಸಿಕೊಡುತ್ತೀರಾ?’ ಇದನ್ನು ಕೊಂಕಿಲ್ಲದೆ, ಮನಸಾರೆ ಹೇಳಬೇಕು. ಕೆಲವರು ನಿಜವಾಗಿಯೂ ಬರುತ್ತಾರೆ.

ನೀವು ಮಾಡಿದ್ದೇ ತಪ್ಪಾಗಿದ್ದರೆ, ಬೇರೆಯವರು ಹೇಳುವ ಮೊದಲು ನೀವೇ ಹೇಳಿ. ಏನಾಯಿತು, ಈಗ ಏನು ಮಾಡುತ್ತಿದ್ದೇನೆ, ಎರಡೇ ವಾಕ್ಯ. ತಪ್ಪನ್ನು ತಾನೇ ಮೊದಲು ಹೇಳುವವರನ್ನು ಜನ ಮುಂದಿನ ಸಲವೂ ನಂಬುತ್ತಾರೆ.

ಹೆಜ್ಜೆ 7: ಶುರು ಮಾಡಿದ್ದನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಡಿ

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆ ಇದೆ. ಶುರು ಮಾಡುವಾಗ ಅದು ಹುರುಪು ಕೊಡುತ್ತದೆ. ಅದನ್ನೇ ಕೊನೆಯವರೆಗೂ ಹಿಡಿದುಕೊಂಡರೆ ಮುಂದಾಳು ಸುಸ್ತಾಗಿ ಬೀಳುತ್ತಾನೆ, ಉಳಿದವರು ಕಾಯುವುದನ್ನು ಇನ್ನಷ್ಟು ಚೆನ್ನಾಗಿ ಕಲಿಯುತ್ತಾರೆ. ಪ್ರತಿ ಮನೆಯಲ್ಲೂ, ಪ್ರತಿ ತಂಡದಲ್ಲೂ ಎಲ್ಲವನ್ನೂ ತಾನೇ ಹೊತ್ತು ಒಳಗೊಳಗೇ ಕೊರಗುವವರೊಬ್ಬರು ಇರುತ್ತಾರೆ. ಹೆಚ್ಚಾಗಿ ಅವರು ಮನೆಯ ಹೆಂಗಸರು. ಅವರಿಗೆ ನಾನು ಈ ಲೇಖನದ ಹಿಂದಿನ ಹೆಜ್ಜೆಗಳನ್ನು ಹೇಳುವುದೇ ಇಲ್ಲ. ಅವರ ಪಾಲಿನ ಹೆಜ್ಜೆ ಒಂದನ್ನು ಕೆಳಗಿಡುವುದು, ಮತ್ತು ಇಟ್ಟದ್ದನ್ನು ಬಾಯಿಬಿಟ್ಟು ಹೇಳುವುದು: ‘ಇಂದಿನಿಂದ ಇದು ನಿನ್ನದು.’ ಬೇರೆಯವರು ಅದನ್ನು ತಮ್ಮಷ್ಟು ಚೆನ್ನಾಗಿ ಮಾಡದಿದ್ದಾಗ ಕೈಹಾಕದೆ ಇರುವುದು ಅತ್ಯಂತ ಕಷ್ಟ. ಆದರೂ ಒಂದೆರಡು ತಿಂಗಳು ಸಹಿಸಿಕೊಳ್ಳಬೇಕು.

ಕೈದಾಟಿಸಲು ಅನುಕೂಲವಾಗುವಂತೆ ಮಾಡಿದ್ದನ್ನು ಬರೆದಿಡಿ. ಯಾರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ತೊಡಕು ಬರುತ್ತದೆ. ನಿಮ್ಮ ತಲೆಯಲ್ಲಿ ಮಾತ್ರ ಇರುವ ಕೆಲಸವನ್ನು ಯಾರೂ ಎತ್ತಿಕೊಳ್ಳಲಾರರು.

ಮೆಟ್ಟಿಲ ದೀಪ ಸರಿಯಾದ ದಿನ ನಾನು ವಿದ್ಯುತ್ ಮೀಟರ್‌ಗಳ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೆ. ಮೇಲೆ ಎಲೆಕ್ಟ್ರಿಷಿಯನ್ ಮತ್ತು ಕೊಳಾಯಿ ರಿಪೇರಿಯವರ ಫೋನ್ ನಂಬರ್, ಕೆಳಗೆ ಮೂರು ಖಾನೆ: ಏನು ಕೆಟ್ಟಿದೆ, ಯಾರು ಫೋನ್ ಮಾಡಿದರು, ಯಾವ ದಿನ. ದಾರಕ್ಕೆ ಕಟ್ಟಿದ ಒಂದು ಪೆನ್ಸಿಲ್. ಮೊದಲ ಎರಡು ಸಾಲುಗಳಲ್ಲಿ ನನ್ನ ಹೆಸರೇ ಇತ್ತು. ಮೂರನೆಯದರಲ್ಲಿ ಕೆಳಮನೆಯವರದು. ಕಳೆದ ತಿಂಗಳು ಹೊರಗೇಟಿನ ಚಿಲಕ ಮುರಿದಿತ್ತು. ಹಾಳೆಯಲ್ಲಿ ಬರೆಯೋಣ ಎಂದು ಹೋದರೆ ಆಗಲೇ ಬರೆದಿತ್ತು. ಅಕ್ಷರಗಳು ದುಂಡಗೆ, ದೊಡ್ಡದಾಗಿ, ಗೆರೆ ಬಿಟ್ಟು ಮೇಲಕ್ಕೆ ಓಡುತ್ತಿದ್ದವು. ಮೂರನೆಯ ಮನೆಯ ಹುಡುಗಿಯದಿರಬೇಕು, ಅವಳಿಗೆ ಒಂಬತ್ತು ವರ್ಷ. ‘ಯಾರು ಫೋನ್ ಮಾಡಿದರು’ ಎಂಬಲ್ಲಿ ‘ನಾನು’ ಎಂದು ಬರೆದಿದ್ದಳು.